ದರ್ಜಿ ಸಿನಿಮಾದಲ್ಲಿ ಇಲ್ಲದ ಮುಖ

ಬೆಳಗೋಡು
೧-೧೧-೨೦೨೬, ಭಾನುವಾರ

ನನ್ನ ರಾಜೀ,

ಹೆಂಗಿದೀಯಾ? ಕಣ್ಣಿನ ಹನಿ ಹೊತ್ತುಹೊತ್ತಿಗೆ ಬೀಳ್ತಾ ಐತಾ, ಇಲ್ಲ ಮೊಮ್ಮಗನ ಆಟದಲ್ಲಿ ಮರ್ತುಬುಡ್ತೀಯಾ? ಸಕ್ಕರೆ ಹತೋಟಿಗೆ ಬಂತಾ? ಹಾಸನದ ನೀರು ಒಗ್ಗಲ್ಲ ಅಂತಿದ್ದೆ, ಕಾಯಿಸಿ ಆರಿಸಿ ಕುಡಿ. ಮಧು, ಈ ಪತ್ರ ನೀನು ಅಮ್ಮಂಗೆ ಓದಿ ಹೇಳ್ತಿದೀಯಲ್ಲ, ಎಲ್ಲೂ ಸಾಲು ಹಾರಿಸ್ಬೇಡ ಮಗಳೇ. ನಾಚಿಕೆ ಆದ ಕಡೆ ಒಂದ್ಸಲ ಕೆಮ್ಮಿ ಮುಂದಕ್ಕೆ ಹೋಗು. ಫೋನ್ ಇರುವಾಗ ಈ ಮನುಷ್ಯನಿಗೆ ಕಾಗದ ಬರೆಯೋ ಹುಚ್ಚು ಯಾಕೆ ಅಂತೀಯ ರಾಜೀ, ನಂಗೊತ್ತು. ಫೋನಲ್ಲಾದ್ರೆ ನೀನು ಅರ್ಧಕ್ಕೇ ‘ಆಯ್ತು ಬಿಡಿ’ ಅಂತ ಇಟ್ಬುಡ್ತೀಯ. ಕಾಗದ ಆದ್ರೆ ಪೂರ್ತಿ ಕೇಳ್ಲೇಬೇಕು. ನಾನಿಲ್ಲಿ ಚೆನ್ನಾಗಿದೀನಿ. ಹುಲಿಯಮ್ಮ ಬಂದು ಮುದ್ದೆ ತಿರುವಿಕೊಟ್ಟು ಹೋಗ್ತಾಳೆ, ಸಾರು ಮಾತ್ರ ಅವಳ ಮಾತಿನಂಗೇ, ಬರೀ ಖಾರ.

ಹೋದ ವಾರ ನೀನು ಫೋನಲ್ಲಿ ಆಡಿದ ಮಾತು ಇನ್ನೂ ನನ್ನ ಕಿವೀಲೇ ಐತೆ. ‘ಬಲಗಣ್ಣು ಹೋಯ್ತು, ಎಡಗಣ್ಣಲ್ಲಿ ಬೆಳಕು-ನೆರಳು ಬಿಟ್ರೆ ಇನ್ನೇನೂ ಬರಲ್ಲ ಅಂದ್ರು ಡಾಕ್ಟ್ರು. ನಾನಿನ್ನು ಮಧು ಹತ್ರಾನೇ ಇದ್ಬುಡ್ತೀನಿ. ಆ ಮನೇಲಿ ಗೋಡೆ ತಡವಿಕೊಂಡು ನಿಮಗ್ಯಾಕೆ ಭಾರವಾಗ್ಲಿ? ದೊಡ್ಡ ಟೀವಿ ಯಾರಿಗಾದ್ರೂ ಕೊಟ್ಬುಡಿ’ ಅಂದೆ. ಅವತ್ತಿಂದ ಟೀವಿ ಮೇಲೆ ನಿನ್ನ ಹಳೇ ಸೀರೆ ಹೊದಿಸಿದೀನಿ, ಧೂಳು ಕೂರದಂಗೆ. ಯಾರಿಗೂ ಕೊಟ್ಟಿಲ್ಲ, ಕೊಡೋದೂ ಇಲ್ಲ.

ಈಗ ಸುದ್ದಿ ಕೇಳು. ತೋಟಪ್ಪನ ಮಗ ಸಂಜಯ್ ಮಾರನಹಳ್ಳಿ ಹೋಂಸ್ಟೇನಲ್ಲಿ ವರ್ಷಾ ವರ್ಷಾ ಹ್ಯಾಲೋವೀನ್ ಮಾಡ್ತಾನಲ್ಲ, ನೀನೇ ಹೇಳ್ತಿದ್ದೆ, ‘ಅದು ವಿದೇಶದೋರ ಹಿರಿಯರ ಹಬ್ಬ ಕಣ್ರೀ, ಎಡೆ ಒಂದು ಇಡಲ್ಲ, ಬರೀ ಹೆದರ್ಸಿ ಕಳಿಸ್ತಾರೆ’ ಅಂತ. ಈ ಸಲವೂ ಸಿನಿಮಾ ಕೇಳ್ಕೊಂಡು ಮನೆಗೆ ಬಂದ. ಯಾರೂ ನೋಡಿರದ ದೆವ್ವದ ಸಿನಿಮಾ ಬೇಕು, ಅತ್ತೆ ಇದ್ದಿದ್ರೆ ನಿಂತಲ್ಲೇ ಹೇಳೋರು ಅಂತ ಮುಖ ಸಣ್ಣ ಮಾಡ್ಕೊಂಡು ನಿಂತ. ನಂಗೆ ಎಲ್ಲಿಂದ ಧೈರ್ಯ ಬಂತೋ, ‘ಅತ್ತೆ ಇಲ್ದಿದ್ರೇನಯ್ಯ, ಮಾವ ಇದಾನಲ್ಲ’ ಅಂದ್ಬುಟ್ಟೆ. ಹುಡುಗ ನಕ್ಕ ನಗು ನೋಡ್ಬೇಕಿತ್ತು. ನಗ್ಲಿ ಬಿಡು. ಈ ಸೀಮೆಗೆಲ್ಲ ಗೊತ್ತಿರೋ ವಿಷಯ, ಎಸ್ಟೇಟಿನ ಲೆಕ್ಕ ಬರೆಯೋ ಈ ರೈಟರ್ ಯೋಗಾನಂದ ಕಾಫಿ ಸ್ಟೋರಿನಲ್ಲಿ ಆಳುಗಳ ಮೇಲೆ ಗುಡುಗ್ತಾನೆ, ದೆವ್ವದ ಸಿನಿಮಾ ಹಾಕಿದ್ರೆ ಹೆಂಡ್ತಿ ಸೆರಗಿನ ಹಿಂದೆ ಮುಖ ಇಡ್ತಾನೆ ಅಂತ.

ಆದ್ರೂ ನಿನ್ನ ಜೊತೆ ಇಷ್ಟು ವರ್ಷ ಕೂತವನಿಗೆ ಒಂದಿಷ್ಟು ರುಚಿ ಅಂಟದೆ ಇರುತ್ತಾ? ಎಲ್ಲರೂ ಕೊಂಡಾಡೋ ಸಿನಿಮಾ ಬೇಡವೇ ಬೇಡ ಅಂದೆ. ‘ಎಲ್ಲರೂ ನೋಡಿದ ದೆವ್ವ ಹೆದರಿಸಲ್ಲ ರೀ, ಪರಿಚಯ ಆಗ್ಬುಟ್ಟಿರ್ತದೆ’ ಅನ್ನೋ ನಿನ್ನ ಮಾತನ್ನ ನನ್ನದೇ ಮಾತು ಅನ್ನೋ ಹಂಗೆ ಅವನಿಗೆ ಒಗಾಯಿಸಿದೆ. ಹೊಸದು ಒಂದು, ಹಳೇದು ಒಂದು ಅಂತ ಎರಡು ಗೊತ್ತು ಮಾಡಿದೆ. ಹೊಸದು ಹೋದ ವರ್ಷ ನೀನು ಹೊಗಳಿ ಹೊಗಳಿ ನನ್ನ ತಲೆ ತಿಂದ ರಬ್ಬರ್ ಸಿನಿಮಾ. ಹಳೇದು ನಮ್ಮ ದರ್ಜಿ ಸಿನಿಮಾ. ಅದರ ನಿಜವಾದ ಹೆಸರು ನಮ್ಮಿಬ್ಬರಿಗೂ ಗೊತ್ತಿಲ್ಲ, ನೀನಿಟ್ಟಿದ್ದೇ ಹೆಸರು. ಮದುವೆಯಾದ ಹೊಸತರಲ್ಲಿ ಸಕಲೇಶಪುರದಿಂದ ಬಾಡಿಗೆಗೆ ವೀಡಿಯೊ ಡೆಕ್ಕು ತಂದು ಎಸ್ಟೇಟ್ ಲೈನಿನ ಕೂಲಿ ಜನಕ್ಕೆಲ್ಲ ತೋರ್ಸಿದ್ದು ನೆನಪೈತಾ? ಆ ಕ್ಯಾಸೆಟ್ಟು. ಕಪ್ಪು-ಬಿಳುಪು, ಹಿಮದ ದೇಶ, ಒಂಟಿ ದರ್ಜಿ. ಗುರುತು ಹೇಳಿದ ಮೇಲೆ ಸಂಜಯ್ ಕಂಪ್ಯೂಟರಿನಲ್ಲಿ ಎಲ್ಲೋ ಅಗೆದು ತೆಗೆದ.

ನಿನ್ನೆ ಸಂಜೆ ಗಣೇಶ್ ಜೀಪಲ್ಲಿ ಹೋದೆ. ಕಾಫಿ ಕಣದಲ್ಲೇ ಬಿಳೀ ಪರದೆ ಕಟ್ಟಿದ್ರು, ಬೆಂಕಿ ಹಾಕಿದ್ರು. ಇಷ್ಟಿಷ್ಟು ದಪ್ಪ ಸಿಹಿಗುಂಬಳಕಾಯಿಗೆ ಕಣ್ಣು ಮೂಗು ಕೊರೆದು ಒಳಗೆ ದೀಪ ಇಟ್ಟವ್ರೆ! ಹೊಟ್ಟೆ ಉರಿದುಹೋಯ್ತು, ಹುಳಿಗೆ ಹಾಕಿದ್ರೆ ಅರ್ಧ ಬೆಳಗೋಡಿಗೆ ಆಗ್ತಿತ್ತು. ಪ್ಯಾಟೆ ಜನ ಕಂಬಳಿ ಹೊದ್ದು ಕೂತಿದ್ರು. ನಾನು ಮುಂದಿನ ಸಾಲಲ್ಲೇ ಕೂತೆ. ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡೆ, ಕಣ್ಣಿಗೆ ಹೋಗದಂಗೆ. ಯಾಕೆ ಅಂದ್ರೆ ನಾನು ಒಂದು ತೀರ್ಮಾನ ಮಾಡ್ಕೊಂಡು ಹೋಗಿದ್ದೆ ರಾಜೀ. ಇಷ್ಟು ದಿನ ನಾನು ಕಣ್ಣು ಮುಚ್ಚಿ ‘ಈಗ ಏನಾಯ್ತೇ?’ ಅಂತಿದ್ದೆ, ನೀನು ‘ಇನ್ನೂ ಬಾಗ್ಲಲ್ಲೇ ಐತೆ, ತಡೀರಿ’ ಅಂತ ಹೇಳ್ತಿದ್ದೆ. ಇನ್ನು ಮೇಲೆ ನಾನು ನೋಡ್ಬೇಕು, ನಿಂಗೆ ಹೇಳ್ಬೇಕು. ಅದಕ್ಕೆ ಅಭ್ಯಾಸ ಮಾಡೋಕೆ ಹೋದೆ, ಅಷ್ಟೇ.

ಮೊದಲು ರಬ್ಬರ್ ಸಿನಿಮಾ. ಏನು ಚೆಂದ ಮಾಡವ್ರೆ ಕಣೇ! ಗಂಡ ಹೆಂಡ್ತಿ ನಸುಕಲ್ಲಿ ತಲೆಗೆ ದೀಪ ಕಟ್ಕೊಂಡು ಹಾಲಿಗೆ ರಬ್ಬರ್ ಮರ ಕೆತ್ತೋಕೆ ಹೋಗ್ತಾರೆ, ನೋಡಿದ್ರೆ ಮೊದಲನೇ ಮರ ಆಗ್ಲೇ ಕೆತ್ತಿ ಐತೆ. ಎರಡನೇದೂ ಕೆತ್ತಿ ಐತೆ. ಹಾಲು ಹಸಿಹಸಿಯಾಗಿ ಚಿಪ್ಪಿಗೆ ಬೀಳ್ತಾ ಐತೆ. ಅವರಿಗಿಂತ ಮುಂದೆ ಯಾರೋ ಕೆತ್ತುತಾ ಹೋಗ್ತಾವ್ನೆ, ಕತ್ತಿ ಸದ್ದು ಕೇಳುತ್ತೆ, ಆಳು ಕಾಣಲ್ಲ. ರಕ್ತ ಇಲ್ಲ, ಕೂಗಾಟ ಇಲ್ಲ, ಅಷ್ಟರಲ್ಲೇ ನನ್ನ ಬೆನ್ನಲ್ಲಿ ನೀರಿಳೀತು. ಕೆಲಸ ಮಾಡಿ ಉಣ್ಣೋರಿಗೆ ಇದಕ್ಕಿಂತ ಹೆದರಿಕೆ ಇನ್ನೇನೈತೆ? ಕಾಫಿ ಹಣ್ಣು ಕೊಯ್ಯೋಕೆ ಹೋದಾಗ ನಮ್ಮ ಗಿಡಾನೂ ಹಂಗೇ ಬರಿದಾಗಿದ್ರೆ ಅಂತ ಅನ್ನಿಸ್ತು. ಈ ಸಿನಿಮಾ ಮಾಡಿದ ಪುಣ್ಯಾತ್ಮ ತೋಟದಲ್ಲೇ ಹುಟ್ಟಿದವನಿರ್ಬೇಕು. ನೀನು ಅವತ್ತು ಹೊಗಳಿದ್ದು ಒಂದು ಅಕ್ಷರ ಸುಳ್ಳಲ್ಲ. ಪೂರ್ತಿ ನೋಡಿದೆ ರಾಜೀ, ಒಂದು ಸಲವೂ ಕಣ್ಣು ಮುಚ್ಚಲಿಲ್ಲ. ದೇವರಾಣೆ.

ಆಮೇಲೆ ದರ್ಜಿ ಸಿನಿಮಾ. ಕತೆ ನಿಂಗೆ ಹೇಳೋದೇನೈತೆ. ಯಾರೋ ಅಳತೆ ಕಳಿಸ್ತಾರೆ, ದರ್ಜಿ ಕೋಟು ಹೊಲಿದು ತೂಗುಹಾಕ್ತಾನೆ, ಹಾಕ್ಕೊಳ್ಳೋನು ಬರೋದೇ ಇಲ್ಲ. ಆದ್ರೆ ದಿನಾ ಬೆಳಿಗ್ಗೆ ನೋಡಿದ್ರೆ ಕೋಟಿನ ಮೊಣಕೈ ಒಂದಿಷ್ಟು ಸವೆದಿರುತ್ತೆ, ಜೇಬಲ್ಲಿ ಹಿಮ ಇರುತ್ತೆ. ಕೊನೇಲಿ ದೀಪ ಸಣ್ಣಗಾಗುತ್ತೆ, ಕೋಟು ಮೆಲ್ಲಗೆ ತಿರುಗುತ್ತೆ. ಅಲ್ಲಿಗೆ ಬಂದಾಗ ನಾನು ಹಲ್ಲು ಕಚ್ಚಿ ಕೂತೆ. ಯಾಕೆ ಅಂದ್ರೆ ಮುಂದೆ ಬರೋದು ನಂಗೊತ್ತು. ಕಾಲರಿನ ಒಳಗಿಂದ ದರ್ಜಿಯ ಸತ್ತುಹೋದ ತಮ್ಮನ ಮುಖ ಎದ್ದು ಬರುತ್ತೆ, ತುಟಿಗೆ ಕಪ್ಪು ದಾರ ಹೊಲಿದಿರುತ್ತೆ, ದಾರ ಒಂದೊಂದೇ ಬಿಚ್ಚಿಕೊಳ್ಳುತ್ತೆ, ‘ಅಣ್ಣಾ, ಚಳಿ’ ಅನ್ನುತ್ತೆ. ನೀನು ಅದನ್ನ ನನ್ನ ಕಿವೀಲಿ ಹೇಳಿದ ರಾತ್ರಿಯಿಂದ ನಾನು ಗೂಟಕ್ಕೆ ಅಂಗಿ ನೇತುಹಾಕೋದನ್ನೇ ಬಿಟ್ಟಿದೀನಿ. ಜೀವಮಾನಪೂರ್ತಿ ಮಡಚಿ ಇಟ್ಟವನು.

ಮುಖ ಬರಲೇ ಇಲ್ಲ ಕಣೇ! ಕೋಟು ತಿರುಗ್ತು, ಒಳಗೆ ಖಾಲಿ, ದೀಪ ಆರ್ತು, ಸಿನಿಮಾ ಮುಗೀತು. ನಾನು ಬಿಟ್ಟ ಕಣ್ಣು ಬಿಟ್ಟಂಗೇ ಇದ್ದೆ. ಕೊನೇದು ಏನೋ ಕತ್ತರಿಸವ್ರೆ ಅಂತ ಸಂಜಯ್ ಮೇಲೆ ರೇಗ್ಬುಟ್ಟೆ. ‘ಇಲ್ಲ ಮಾವ, ಪೂರ್ತಿ ಇಷ್ಟೇ’ ಅಂದ. ಹಿಂದಕ್ಕೆ ಓಡಿಸಿ ಇನ್ನೊಂದು ಸಲ ಹಾಕಿಸಿದೆ. ತಮ್ಮ ಇಲ್ಲ. ದಾರ ಇಲ್ಲ. ಆ ದರ್ಜಿಗೆ ತಮ್ಮ ಅನ್ನೋನೇ ಇಲ್ಲ! ಎಲಾ ರಾಜಲಕ್ಷ್ಮೀ, ಎಲ್ಲಾ ನಿನ್ನ ಬಾಯಿಂದ ಹುಟ್ಟಿದ್ದು!

ಎರಡನೇ ಸಲ ಓಡ್ತಿರುವಾಗ ಪಕ್ಕದಲ್ಲಿ ಕೂತಿದ್ದ ಪ್ಯಾಟೆ ಹೆಣ್ಣುಮಗಳು ಕಂಬಳಿಯೊಳಗೆ ಮುಖ ಹುದುಗಿಸಿ ‘ಅಂಕಲ್, ಈಗ ಏನಾಯ್ತು?’ ಅಂತ ನನ್ನ ತೋಳು ಹಿಡಿದ್ಲು. ಥೇಟ್ ನನ್ನದೇ ದನಿ ಕೇಳಿದಂಗಾಯ್ತು. ನಂಗೇ ಗೊತ್ತಿಲ್ದಂಗೆ ಶುರು ಮಾಡ್ಬುಟ್ಟೆ. ‘ಕಣ್ಣು ಬಿಡ್ಬೇಡ ತಾಯಿ, ಕಾಲರಿನಿಂದ ಮುಖ ಬರ್ತಾ ಐತೆ, ತುಟಿಗೆ ದಾರ ಹೊಲಿದವ್ರೆ, ಈಗ ಮೊದಲನೇ ಹೊಲಿಗೆ ಬಿಚ್ತು’ ಅಂದೆ. ಅವಳು ಕಿಟಾರನೆ ಕಿರುಚಿದ್ಲು. ಪರದೆ ಮೇಲೆ ಆಗ ಬರೀ ಖಾಲಿ ಕೋಟು. ಆಮೇಲೆ ನೋಡ್ತೀನಿ, ಅವಳ ಗಂಡ, ಹಿಂದಿನ ಸಾಲಿನೋರು, ಎಲ್ಲ ಪರದೆ ಬಿಟ್ಟು ನನ್ನ ಕಡೆಗೆ ಕಿವಿ ಕೊಟ್ಟವ್ರೆ. ಮುಗಿದ ಮೇಲೆ ‘ಇಂಥ ಕತೆ ಹೇಳೋದು ಯಾರ ಹತ್ರ ಕಲಿತ್ರಿ?’ ಅಂದ್ರು. ನನ್ನ ಹೆಂಡ್ತಿ ಹತ್ರ ಅಂದೆ. ಹೇಳುವಾಗ ಎದೆ ಉಬ್ಬಿತು, ಹಂಗೇ ಕಣ್ಣಲ್ಲಿ ನೀರೂ ಬಂತು. ಹೊಗೆ ಅಂದ್ಕೊಂಡ್ರು ಅಂತ ಕಾಣುತ್ತೆ.

ಜೀಪಲ್ಲಿ ವಾಪಸ್ ಬರುವಾಗ ಆನೇಮಹಲ್ ದಾಟೋವರೆಗೂ ಅದೇ ಯೋಚನೆ. ಆ ಸಿನಿಮಾದೋರನ್ನ ಹಳಿಯಲ್ಲ, ಖಾಲಿ ಕೋಟು ತೋರಿಸಿ ಮಿಕ್ಕಿದ್ದನ್ನ ನೋಡೋರಿಗೆ ಬಿಟ್ರಲ್ಲ, ದೊಡ್ಡ ಕಲಾವಿದರು. ಆದ್ರೆ ಆ ಖಾಲಿ ಜಾಗ ತುಂಬಿದೋಳು ಇನ್ನೂ ದೊಡ್ಡೋಳು. ಇಷ್ಟು ವರ್ಷ ನಾನು ಹೆದರಿದ್ದು ಯಾವ ಸಿನಿಮಾಕ್ಕೂ ಅಲ್ಲ, ನಿನ್ನ ಮಾತಿಗೆ. ಮಿಕ್ಕ ಸಿನಿಮಾದಲ್ಲಿ ಎಷ್ಟು ದೆವ್ವ ಸಿನಿಮಾದೋರದ್ದು, ಎಷ್ಟು ನಿನ್ನದು ಅಂತ ಆ ಶಿವನಿಗೇ ಗೊತ್ತು. ಭಾರವಾಗ್ತೀನಿ ಅಂದೆಯಲ್ಲ, ಯಾರಿಗೆ ಭಾರ? ಕಣ್ಣಿದ್ದೂ ಮುಚ್ಕೊಂಡು ಕೂತವನನ್ನ ಸಾಕಿದೋಳು ನೀನು. ಗೋಡೆ ತಡವಬೇಕಾದ್ರೆ ತಡವು. ಗೋಡೆ ನಮ್ದೇ. ಹಿತ್ತಲ ಬಾಗ್ಲಿಗೆ ಹಗ್ಗ ಕಟ್ಟಿದೀನಿ, ಹಿಡ್ಕೊಂಡು ಬಚ್ಚಲವರೆಗೂ ಹೋಗ್ಬಹುದು. ಒಲೆ ಹತ್ರ ನಾನಿರ್ತೀನಿ, ಬೈಯ್ಯೋದು ಮಾತ್ರ ನಿನ್ನ ಕೆಲಸ.

ಮಧುಗೆ, ಅಳಿಯಂದಿರಿಗೆ ನನ್ನ ಆಶೀರ್ವಾದ. ಪುಟ್ಟನ ಕೆನ್ನೆಗೆ ನನ್ನ ಹೆಸರಲ್ಲಿ ಒಂದು ಮುತ್ತು. ಮಗಳೇ, ಅಮ್ಮನ್ನ ನೀನು ಚೆನ್ನಾಗೇ ನೋಡ್ಕೊಂಡಿದೀಯ, ಅದರಲ್ಲಿ ನಂಗೆ ಒಂದು ಮಾತಿಲ್ಲ, ಬೇಜಾರು ಮಾಡ್ಕೋಬೇಡ. ರಾಜೀ, ಆ ಮನೆ ದೇವರು ನಿನ್ನ ಚೆನ್ನಾಗಿಟ್ಟಿರ್ಲಿ.

ನಿನ್ನ ಪುಕ್ಕಲು ಗಂಡ,
ಯೋಗಾನಂದ

ಮರ್ತಿದ್ದೆ: ಗಣೇಶ್ ಹಾಸನಕ್ಕೆ ಹೊರಟವ್ನೆ, ಈ ಕಾಗದ ಅವನ ಕೈಲೇ ಕಳಿಸ್ತಿದೀನಿ, ಹೊರಗೆ ಹಾರನ್ ಹೊಡೀತಾವ್ನೆ. ಶುಕ್ರವಾರ ಅದೇ ಜೀಪಲ್ಲಿ ನಾನು ಬರ್ತೀನಿ, ಬಟ್ಟೆ ಕಟ್ಟಿಟ್ಟಿರು. ಬರೋ ಭಾನುವಾರ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡ್ಬೇಕು. ಅಪ್ಪನ ಬೀಡಿ, ಅವ್ವನ ಎಲೆ-ಅಡಿಕೆ ನಾನು ತಂದಿಡ್ತೀನಿ, ಅಡುಗೆ ಹುಲಿಯಮ್ಮ ಮಾಡ್ತಾಳೆ. ಎಡೆ ಇಟ್ಟು ಬಾಗ್ಲು ಮುಚ್ಚಿ ಎಲ್ಲರೂ ಹೊರಗೆ ಕೂತಾದ ಮೇಲೆ, ಬಾಗ್ಲು ತಟ್ಟಿ, ಕೆಮ್ಮಿ, ಮೊದಲು ಒಳಗೆ ಹೋಗ್ತಿದ್ದೋಳು ನೀನೇ ತಾನೆ? ನಾನು ಆಚೆ ಕಣ್ಣು ಮುಚ್ಕೊಂಡು ‘ಬಂದಿದ್ರಾ?’ ಅಂತಿದ್ದೆ. ನೀನು ‘ಬಂದಿದ್ರು ಕಣ್ರೀ, ಅತ್ತೆ ಕಡುಬಿನ ತುದಿ ಮುರಿದವ್ರೆ, ಮಾವ ಬೀಡಿ ಮುಟ್ಟವ್ರೆ’ ಅಂತ ಹೇಳ್ತಿದ್ದೆ. ಅದ್ರಲ್ಲಿ ಎಷ್ಟು ನಿಜ ಅಂತ ನಾನು ಕೇಳಲ್ಲ. ದೆವ್ವದ ಸಿನಿಮಾ ಕಣ್ಣು ಬಿಟ್ಟು ನೋಡ್ಬುಟ್ಟೆ, ಆ ಬಾಗ್ಲು ಮಾತ್ರ ನನ್ನ ಕೈಲಿ ತೆಗೆಯೋಕಾಗಲ್ಲ ರಾಜೀ. ನೀನೇ ಬಂದು ತೆಗೀಬೇಕು. ಅವ್ವ ಉಂಡ್ಳು ಅಂತ ನೀನು ಹೇಳಿದ್ರೇನೇ ಅವಳು ಉಂಡಂಗೆ.