ಡಬ್ಬಿಯನ್ನು ಮದುವೆಯಾದ ಬೈಕು

ವರ್ಲಿನ್,

ಸಂಜೆ ತರಗತಿಯಲ್ಲಿ ಹನ್ನೆರಡೇ ವಾರ ಎಂಜಿನ್ ಪಾಠ ಕೇಳಿದವಳು ನಿನ್ನ ಬೈಕಿನ ಬಗ್ಗೆ ಬರೆಯುತ್ತಿದ್ದೇನೆ, ಕ್ಷಮಿಸು. ತಪ್ಪಿದ್ದರೆ ತಿದ್ದು.

ನಿನ್ನ ಗೆಳೆಯ ಓರ್ವಿಲ್ ಮಾರಿದ, ಎಂಜಿನ್ನಿನ ಸೆಟ್ಟಿಂಗ್ ಬದಲಿಸುವ ಟ್ಯೂನರ್ ಡಬ್ಬಿಯಿಂದ ಬೈಕು ಈಗ ಗುಡುಗುತ್ತದೆ, ನಿಜ. ಆದರೆ ಕೈ ಬಿಟ್ಟರೂ ವೇಗ ಹಿಡಿದಿಡುತ್ತಿದ್ದ ಕ್ರೂಸ್ ಕಂಟ್ರೋಲ್ ಸತ್ತಿದೆ. ನಿನ್ನೆ ಅದರ ಗುಂಡಿಯನ್ನು ನೀನು ಏಳು ಸಲ ಒತ್ತಿದ್ದನ್ನು ಹಿಂದೆ ಕೂತು ಎಣಿಸಿದೆ. ಬಲ ಮಣಿಕಟ್ಟಿನ ಆಪರೇಷನ್ ಆದ ಮೇಲೆ ಆ ಗುಂಡಿಗಾಗಿಯೇ ಅಲ್ಲವೇ ಈ ಬೈಕು ಕೊಂಡದ್ದು? ಶನಿವಾರ ರ‍್ಯಾಪಿಡ್ ಸಿಟಿಯ ನನ್ನ ತಂಗಿಯ ಮನೆಯವರೆಗೆ ದಾರಿಯುದ್ದಕ್ಕೂ ಆಕ್ಸಿಲರೇಟರ್ ತಿರುಚಿ ಹಿಡಿಯುವವನು ಓರ್ವಿಲ್ಲನೇ?

ಡಬ್ಬಿ ವಾಪಸ್ ಕೊಡು ಅಂದರೆ ನೀನು, "ಅದಕ್ಕೆ ಈ ಬೈಕಿನ ಜೊತೆಗೇ ಮದುವೆ ಆಗೋಯ್ತು ಕಣೇ, ಇನ್ನು ಬೇರೆ ಬೈಕಿಗೆ ನಡೆಯಲ್ಲ" ಅಂದೆ. ಡಬ್ಬಿಗಾದರೂ ಅಷ್ಟು ನಿಷ್ಠೆಯಿದೆಯಲ್ಲ. ನಿನ್ನ ಮದುವೆಯ ಉಂಗುರ ಬೋಲ್ಟುಗಳ ಡಬ್ಬದಲ್ಲಿ ಸಿಕ್ಕಿತು, ಫ್ರಿಜ್ ಮೇಲಿಟ್ಟಿದ್ದೇನೆ.

ಡಬ್ಬಿಯಲ್ಲಿ ಉಳಿಸಿದ ಕಂಪನಿಯ ಹಳೆಯ ಸೆಟ್ಟಿಂಗನ್ನೇ ಇವತ್ತು ಬೈಕಿಗೆ ಮತ್ತೆ ತುಂಬು. ತುಂಬುವ ನಡುವೆ ಬೈಕಿನ ಬ್ಯಾಟರಿ ಇಳಿದರೆ ಕಷ್ಟ, ಚಾರ್ಜರ್ ಸಿಕ್ಕಿಸಿದ್ದೇನೆ. ಊಟಕ್ಕೆ ಮಾಡಿದ ಹಾಟ್‌ಡಿಶ್ ಓವನ್ನಿನಲ್ಲಿದೆ, ಎಡಗೈಯಿಂದ ತೆಗೆ.

ಇಷ್ಟು ಮಾಡಿದರೆ ಕ್ರೂಸ್ ಮರಳುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಮೇಷ್ಟ್ರನ್ನೂ ಕೇಳಿದೆ, ಅವರಿಗೂ ಗೊತ್ತಿಲ್ಲ.

ಆರ್ಡಿಸ್