ಹೆಸರು ಗೊತ್ತಿಲ್ಲದ ಗುಣಕ್ಕೂ ಒಂದು ಜಾಗ

ಗಾಳಿಗುಡ್ಡ
ಫೆಬ್ರವರಿ ೩೦, ೨೧೯೪

ಪ್ರೀತಿಯ ಸುಮೇಧಾ ಅಕ್ಕಾ,

ತಾರೀಖು ನೋಡಿ ನಗಬೇಡಿ. ತಿಂಗಳುಗಳನ್ನೆಲ್ಲ ಸಮ ಮಾಡುವ ಹುಮ್ಮಸ್ಸಿನಲ್ಲಿ ನಮ್ಮ ಹಿಂದಿನವರು ಫೆಬ್ರವರಿಗೂ ಮೂವತ್ತು ದಿನ ಕೊಟ್ಟುಬಿಟ್ಟಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದೇ ನಿಮ್ಮ ಚಾಟ್ ಥ್ರೆಡ್‌ಗಳನ್ನು ಓದಿ. ಅಕ್ಕ ಎಂದದ್ದಕ್ಕೂ ಕ್ಷಮೆ ಇರಲಿ. ಲೆಕ್ಕ ಹಾಕಿದರೆ ನೀವು ನನ್ನ ಮುತ್ತಜ್ಜಿಗಿಂತ ಹಿರಿಯರು. ಆದರೆ ಥ್ರೆಡ್‌ನಲ್ಲಿ ನಿಮಗಿನ್ನೂ ಇಪ್ಪತ್ತಾರು. ಹುಬ್ಬಳ್ಳಿಯ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿ ಬಂದು ಸಂಜೆ ಕೋಡ್ ಬರೆಯುತ್ತೀರಿ, ಮಿರ್ಚಿ ತಿಂದ ಕೈಯಲ್ಲೇ ಕೀಬೋರ್ಡ್ ಮುಟ್ಟಿದೆ ಎಂದು ನಿಮ್ಮನ್ನೇ ಬೈದುಕೊಳ್ಳುತ್ತೀರಿ. ಅಂಥವರನ್ನು ಅಜ್ಜಿ ಎನ್ನಲು ಬಾಯಿ ಬರುವುದಿಲ್ಲ.

ನನ್ನ ಹೆಸರು ನೀಲಗಂಗಾ. ನಾನು ನಿಮ್ಮ ಅಭಿಮಾನಿ. ಬ್ಲೂಟೂತ್ ಸಾಧನಗಳು ತಮ್ಮ ಬಗ್ಗೆ ಹೇಳಿಕೊಳ್ಳುವುದನ್ನೆಲ್ಲ ರಸ್ಟ್ ಎಂಬ ಗಣಕಭಾಷೆಯಲ್ಲಿ ಹಿಡಿದಿಡುವ ನಿಮ್ಮ ಪುಟ್ಟ ಕೋಡ್ ಲೈಬ್ರರಿಯನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿದ್ದೇನೆ. ಸಾಧನವೊಂದು ಬಂದು, ನನ್ನಲ್ಲಿ ಇಂತಿಂಥ ಸೇವೆಗಳಿವೆ, ಒಂದೊಂದು ಸೇವೆಯೊಳಗೆ ಇಂತಿಂಥ ಗುಣಗಳಿವೆ, ಇದನ್ನು ಓದಬಹುದು, ಇದಕ್ಕೆ ಬರೆಯಬಹುದು, ಇದು ಬದಲಾದಾಗ ನಾನೇ ತಿಳಿಸುತ್ತೇನೆ ಎನ್ನುತ್ತದೆ. ಪ್ರತಿ ಗುಣಕ್ಕೂ ಒಂದು ಸಂಖ್ಯೆ. ನೀವು ಆ ಸಂಖ್ಯೆಗಳಿಗೆಲ್ಲ ಒಂದೊಂದು ಹೆಸರು ಕೊಟ್ಟು, ಕಟ್ಟಕಡೆಗೆ ‘ಅಪರಿಚಿತ’ ಎಂಬ ಒಂದು ಮನೆ ಇಟ್ಟಿರಿ. ಯಾರಿಗೂ ಗೊತ್ತಿಲ್ಲದ ಸಂಖ್ಯೆ ಬಂದರೆ ಅದನ್ನು ಎಸೆಯದೆ, ಅದರೊಳಗಿನ ಬೈಟ್‌ಗಳ ಸಮೇತ ಆ ಮನೆಯಲ್ಲಿ ಕೂರಿಸುತ್ತೀರಿ.

ಥ್ರೆಡ್‌ನಲ್ಲಿ ‘ಚೊಕ್ಕಟ’ ಎಂಬ ಹೆಸರಿನವರೊಬ್ಬರು ಈ ಮನೆಯ ಮೇಲೇ ಬಿದ್ದಿದ್ದಾರೆ. ಕಸ ಎಂದರು, ಆಲಸ್ಯ ಎಂದರು. ಕೊನೆಗೆ ಬರೆದರು: ‘ಗೊತ್ತಿರೋದನ್ನ ಇಡ್ರಿ, ಉಳಿದದ್ದಕ್ಕ ಎರರ್ ಕೊಟ್ಟು ಕೈ ತೊಳ್ಕೋರಿ ಮೇಡಂ.’ ಅದಕ್ಕೆ ನೀವು ಸೋತವರಂತೆ ಉತ್ತರಿಸಿದಿರಿ: ‘ಆತು ಬಿಡ್ರಿ, ನಾಳೆ ತಗೀತೀನಿ.’ ಹಳೆಯ ಬರಹಗಳನ್ನು ಕೂಡಿಟ್ಟ ನಮ್ಮ ಸಂಗ್ರಹದಲ್ಲಿ ಥ್ರೆಡ್ ಅಲ್ಲಿಗೇ ಹರಿದುಹೋಗಿದೆ. ಮರುದಿನ ಏನಾಯಿತೋ ನನಗೆ ಗೊತ್ತಿಲ್ಲ. ಅದಕ್ಕೇ ಈ ಪತ್ರ.

ನಾವಿರುವುದು ಕಪ್ಪತಗುಡ್ಡದ ನೆತ್ತಿಯಲ್ಲಿ, ಗಾಳಿಗಂಬಗಳ ನಡುವೆ. ಬೆಳಗಿನ ಮಂಜನ್ನು ಬಲೆ ಕಟ್ಟಿ ಹಿಡಿದು ನೀರು ಮಾಡಿಕೊಳ್ಳುತ್ತೇವೆ. ಜೋಳದ ರೊಟ್ಟಿ ನಿಮ್ಮ ಕಾಲದ್ದೇ, ಅದನ್ನು ಬದಲಿಸಲು ಯಾರಿಗೂ ಧೈರ್ಯ ಬಂದಿಲ್ಲ. ಊಟ ಮಾತ್ರ ಓಣಿಗೊಂದು ಕೂಡುಮನೆಯಲ್ಲಿ. ಇಡೀ ಓಣಿ ಒಟ್ಟಿಗೆ ಕೂರುವ ಪಡಸಾಲೆಗೆ ನಾವು ಇಟ್ಟ ಹೆಸರು ಅದು. ಅಲ್ಲಿ ಎಲ್ಲರಿಗೂ ಆಗಿ ಒಂದು ತಾಟು ಹೆಚ್ಚಿಗೆ ಹಾಕಿಡುತ್ತೇವೆ, ಗುಡ್ಡ ಹತ್ತಿ ಬರುವ ಗುರುತಿಲ್ಲದವರಿಗೆಂದು. ಇಲ್ಲಿಯ ಗಾಳಿಯ ಸದ್ದಿನಲ್ಲಿ ಗಂಟೆ ಕೇಳುವುದಿಲ್ಲ. ಕೇಳಿ ಬಳಕೆಯಾದ ದನಿ ಮಾತ್ರ ಕಿವಿಗೆ ಹತ್ತುತ್ತದೆ. ಆದ್ದರಿಂದ ಪ್ರತಿ ಕೂಡುಮನೆಗೂ ಊಟಕ್ಕೆ ಕರೆಯುವ ಒಬ್ಬ ಕೂಗವ್ವ ಇರುತ್ತಾಳೆ. ನಮ್ಮ ಓಣಿಯ ಕೂಗವ್ವ ನನ್ನ ಆಯಿ, ಅಂದರೆ ಅಜ್ಜಿ, ಬಸಲಿಂಗವ್ವ.

ಆಯಿಗೆ ಹರೆಯದಲ್ಲೇ ಗಂಟಲ ರೋಗ ಬಂದು ದನಿಪೆಟ್ಟಿಗೆ ತೆಗೆದರು. ಆಗಿನಿಂದ ಕೊರಳಿಗೆ ಕಟ್ಟುವ ಕಂಠಬಿಲ್ಲೆಯೇ ಅವಳ ದನಿ. ತುಟಿ ಅಲ್ಲಾಡಿದ ಹಾಗೆ ಅದು ಮಾತಾಡುತ್ತದೆ, ಶಸ್ತ್ರಚಿಕಿತ್ಸೆಗೆ ಮೊದಲು ತುಂಬಿಸಿಟ್ಟ ಅವಳದೇ ದನಿಯಲ್ಲಿ. ಈ ಸಲದ ಮಂಜಿನ ಕಾಲದಲ್ಲಿ ಬಿಲ್ಲೆ ಸಾಯಲು ಶುರುವಾಯಿತು. ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದೆ. ರಿಪೇರಿ ಮನೆಯ ರುದ್ರಮುನಿ ಕಾಕಾ ಹೊಸ ಬಿಲ್ಲೆ ಕೊಟ್ಟರು, ಅಂಗಡಿಯಿಂದ ಬಂದ ದನಿಯ ಸಮೇತ. ಅದನ್ನು ಕಟ್ಟಿಕೊಂಡು ಆಯಿ ಕೂಗಿದಾಗ ಓಣಿಯವರೆಲ್ಲ ಬಿರುಗಾಳಿಯ ಎಚ್ಚರಿಕೆ ಎಂದುಕೊಂಡು ಕಿಟಕಿ ಹಾಕಿಕೊಂಡರು. ಸಾರು ಆರಿತು. ಆಯಿ ಹೊಸದನ್ನು ಬಿಚ್ಚಿ ನನ್ನ ಕೈಗಿಟ್ಟು, ಹಳೆಯದನ್ನೇ ಕಟ್ಟಿಕೊಂಡು ತಡೆತಡೆದು ಹೇಳಿದಳು: ‘ಇದು ಹ್ವಾದ್ರ ಸುಮ್ಮನ ಇರ್ತೀನಿ. ಮತ್ತೊಬ್ಬಾಕಿ ದನಿ ನನಗ ಬ್ಯಾಡ.’

ಅವಳು ಹಟ ಹಿಡಿದರೆ ಹಿಡಿದಳು. ಹಳೆಯ ಬಿಲ್ಲೆಯೊಳಗಿನ ದನಿಯನ್ನು ಹೊಸದಕ್ಕೆ ದಾಟಿಸಬೇಕಿತ್ತು. ರುದ್ರಮುನಿ ಕಾಕಾ ತಮ್ಮ ಯಂತ್ರದಿಂದ ಕೇಳಿದರು. ಬಿಲ್ಲೆ ಬ್ಯಾಟರಿ, ಸದ್ದಿನ ಮಟ್ಟ, ತನ್ನ ಹೆಸರು, ಇಷ್ಟೇ ಹೇಳಿತು. ದನಿ ಇದರಲ್ಲಿ ಎಲ್ಲೂ ಕಾಣುವುದಿಲ್ಲ ಎಂದು ಅವರು ಬೇಸರದಿಂದ ತಲೆ ಅಲ್ಲಾಡಿಸಿದರು. ಅವರ ತಪ್ಪಿಲ್ಲ. ಆ ಯಂತ್ರದ ಕೋಡ್ ಬರೆದವರು ‘ಚೊಕ್ಕಟ’ ಅವರ ಮಾತು ಕೇಳಿದವರು. ಗುರುತಿಲ್ಲದ್ದನ್ನು ಅದು ತೋರಿಸುವುದೇ ಇಲ್ಲ.

ನನಗೆ ನಿಮ್ಮ ನೆನಪಾಯಿತು. ಸಂಗ್ರಹದಿಂದ ನಿಮ್ಮ ಲೈಬ್ರರಿ ತೆಗೆದು ಶಾಲೆಯ ಹಳೆಯ ಗಣಕದಲ್ಲಿ ಓಡಿಸಿದೆ. ಕೋಡಿನ ತಪ್ಪು ಹಿಡಿಯುವ ಕಂಪೈಲರ್ ಚೆನ್ನಾಗಿ ಬೈಯಿತು, ಸಹಿಸಿಕೊಂಡೆ. ಬಿಲ್ಲೆ ಮತ್ತೆ ಮಾತಾಡಿತು: ಬ್ಯಾಟರಿ, ಸದ್ದು, ಹೆಸರು. ಆಮೇಲೆ ಕೊನೆಯ ಸಾಲು. ಅಪರಿಚಿತ, ಒಂದು ಉದ್ದನೆಯ ಸಂಖ್ಯೆ, ಓದಬಹುದು. ಓದಿದೆ. ಸಾಲು ಸಾಲು ಬೈಟ್‌ಗಳು, ನಿಲ್ಲದೆ ಬರುತ್ತಲೇ ಹೋದವು.

ಅವನ್ನು ಹೊಸ ಬಿಲ್ಲೆಗೆ ತುಂಬಿದಾಗ ಮೊದಲು ಬಂದದ್ದು ಬಾತುಕೋಳಿಯ ದನಿ. ಆಯಿ ಕಣ್ಣು ಕೆಂಪು ಮಾಡಿದಳು. ಬೈಟ್‌ಗಳು ಹಿಂದುಮುಂದಾಗಿವೆ ಎಂದು ರುದ್ರಮುನಿ ಕಾಕಾ ಕಂಡುಹಿಡಿದು ತಿರುಗಿಸಿದರು. ಆಯಿ ಬಿಲ್ಲೆಯನ್ನು ಬಿಗಿದು ಕಟ್ಟಿಕೊಂಡು ನನ್ನ ಕಡೆ ತಿರುಗಿದಳು.

‘ಲೇ ನೀಲೀ, ಹಿಂಗ್ಯಾಕ ಬಾಯಿ ತಕ್ಕೊಂಡು ನಿಂತಿ? ಹೋಗಿ ತಾಟು ಹಾಕು.’

ಆ ‘ನೀಲೀ’ಯ ಕೊನೆಯನ್ನು ಎಳೆಯುವ ಎಳೆತ ಅವಳದೇ. ರುದ್ರಮುನಿ ಕಾಕಾ ಕಣ್ಣೊರೆಸಿಕೊಳ್ಳಲು ಗೋಡೆಯ ಕಡೆ ತಿರುಗಿದರು. ನಾನು ಅಷ್ಟೂ ಮಾಡಲಿಲ್ಲ, ಅಲ್ಲೇ ಅತ್ತುಬಿಟ್ಟೆ.

ಈಗ ನನ್ನ ಬೇಡಿಕೆ. ನಮಗೆ ಸಿಕ್ಕಿದ್ದು ನೀವು ‘ನಾಳೆ’ ಎಂದ ದಿನದ ಲೈಬ್ರರಿಯ ಪ್ರತಿ. ಅದಕ್ಕಿಂತ ಒಂದು ದಿನ ಈಚಿನದು ಸಿಕ್ಕಿದ್ದರೆ ಆಯಿ ಈಗ ಸುಮ್ಮನೆ ಕುಳಿತಿರುತ್ತಿದ್ದಳೋ ಏನೋ. ಬೇರೆ ಗುಡ್ಡಗಳಲ್ಲಿ ಬೇರೆ ಬಿಲ್ಲೆಗಳಿವೆ, ಕೃತಕ ಕಿವಿಗಳಿವೆ, ಕೃತಕ ಕೈಗಳಿವೆ. ಅಲ್ಲಿಯವರಿಗೆ ಯಾವ ಪ್ರತಿ ಸಿಗುತ್ತದೋ ಯಾರು ಬಲ್ಲರು. ನಿಮಗೆ ಏನು ಬರೆಯಲಿ ಎಂದು ಆಯಿಯನ್ನೇ ಕೇಳಿದೆ. ಅವಳು ಹಿಟ್ಟು ನಾದುತ್ತಲೇ ಹೇಳಿದಳು: ‘ಹೆಸರು ಗೊತ್ತಿಲ್ಲಂತ ಮನೀಗೆ ಬಂದೋರ್ನ ನಾವು ಹೊರಗ ಹಾಕೂದಿಲ್ಲ ಅಂತ ಹೇಳು ಆಕೀಗೆ.’

ನಾಳೆ ನೀವು ಕೋಡ್ ಬರೆಯಲು ಕೂತಾಗ ‘ಅಪರಿಚಿತ’ದ ಆ ಒಂದು ಸಾಲನ್ನು ಹಾಗೇ ಬಿಡಿ, ಅಕ್ಕಾ.

ಥ್ರೆಡ್‌ನ ಕೆಳಗೆ ಉತ್ತರ ಬರೆಯುವ ಜಾಗ ಇನ್ನೂ ತೆರೆದೇ ಇದೆ. ಇದನ್ನು ಅಲ್ಲೇ ಟೈಪ್ ಮಾಡುತ್ತಿದ್ದೇನೆ. ಕಳಿಸಿದರೆ ಎಲ್ಲಿಗೆ ಹೋಗುತ್ತದೆ ಎಂದು ಸಂಗ್ರಹದವರನ್ನು ಕೇಳಿದರೆ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎಂಬ ಕಾರಣಕ್ಕೆ ಬಿಟ್ಟುಬಿಡುವುದನ್ನು ನಿಮ್ಮ ಕೋಡ್ ನನಗೆ ಕಲಿಸಿಲ್ಲ.

ಹೊರಗೆ ಆಯಿ ಕೂಗುತ್ತಿದ್ದಾಳೆ. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿವೆ. ನಾನೂ ಹೊರಟೆ. ಒಂದು ತಾಟು ಹೆಚ್ಚಿಗೆ ಇದೆ, ಈ ಕಡೆ ಬಂದರೆ ಊಟಕ್ಕೇ ಬನ್ನಿ.

ನಿಮ್ಮ
ನೀಲಗಂಗಾ