ಅಂಟು ಹಿಡಿಯದ ಬಾಗಿಲು

ಪ್ರೀತಿಯ ಕಾಕಾನಿಗೆ, ಬೆಟಗೇರಿಯಿಂದ ನಿನ್ನ ಅಣ್ಣನ ಮಗ ಬಸವಣ್ಣೆಪ್ಪ ಬರೆಯುವುದು.

ಅಲ್ಲಿ ಎಲ್ಲರೂ ಹೇಗಿದ್ದಾರೆ? ನಮ್ಮಪ್ಪನ ದಮ್ಮು ಕಡಿಮೆಯಾಯಿತೇ? ಗೌರಜ್ಜಿಯ ಮೊಣಕಾಲು ನೋವು ಈಗ ಇರಲಿಕ್ಕಿಲ್ಲ. ಫಕೀರಪ್ಪ ಮಾವ ಅಲ್ಲಿಯೂ ಎಲೆ-ಅಡಿಕೆ ಚೀಲ ಕಳೆದುಕೊಂಡು ಮಂದಿಯ ಮೇಲೆ ಹಾಯುತ್ತಾನೇನು? ಇಲ್ಲಿ ನಿನ್ನ ಹೆಂಡತಿ, ನಮ್ಮ ಚಿಗವ್ವ ಆರಾಮಿದ್ದಾಳೆ. ನಿನ್ನ ಮಗಳು ಶಾಂತಾ ಆರಾಮಿದ್ದಾಳೆ. ನಾನು ಮಾತ್ರ ಆರಾಮಿಲ್ಲ, ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಸತ್ತು ನಾಲ್ಕು ವರ್ಷವಾದವನ ಮೇಲೆ ಇಷ್ಟು ಸಿಟ್ಟು ಬರುತ್ತದೆಂದು ನನಗೂ ಗೊತ್ತಿರಲಿಲ್ಲ.

ನೀನು ದವಾಖಾನೆಯಲ್ಲಿ ಮಲಗಿದ್ದಾಗ ನನ್ನ ಕೈ ಹಿಡಿದು ಹೇಳಿದ್ದು ನೆನಪಿದೆಯೇ? "ನೀ ಕುಶನ್ ಹೊಲಿಯಾವ, ತಗಡಿನ ಕೆಲಸ ನಿನಗ ಬರೂದಿಲ್ಲ. ಆದರೂ ನನ್ನ ಗಾಡಿ ನೀನ ನೋಡ್ಕೋ." ಅದೇ ನೀಲಿ ವ್ಯಾನಿನಲ್ಲಿ ಶಾಂತಾ ಈಗಲೂ ಬೆಟಗೇರಿ ಸೀರೆ ತುಂಬಿಕೊಂಡು ಶಿರಹಟ್ಟಿ, ಲಕ್ಷ್ಮೇಶ್ವರ, ಬಾಳೆಹೊಸೂರು ಎಂದು ತಿರುಗುತ್ತಾಳೆ. ಈ ವರ್ಷ ಅದರ ಎಡಗಡೆ ಬಾಗಿಲಿನ ಕೆಳಗೆ ತುಕ್ಕು ಹಿಡಿದು ಹೊರತಗಡು ಬಾಯಿಬಿಟ್ಟಿತು. ಶಾಂತಾಳ ಗಂಡ, ನಿನ್ನ ಅಳಿಯ, ಯಾವುದೋ ಗ್ಯಾರೇಜಿಗೆ ಒಯ್ದ. ಅಲ್ಲಿಯವನು ಏನು ಮಾಡಿದ ಗೊತ್ತೇ? ಬಚ್ಚಲಮನೆಯ ಬಿರುಕು ಮುಚ್ಚುವ ಹುಳಿ ವಾಸನೆಯ ಬಿಳಿ ಅಂಟನ್ನು ಬರಿಯ ಕಬ್ಬಿಣಕ್ಕೆ ಮೆತ್ತಿ, ಮೇಲೆ ಪುಟ್ಟಿ ತುಂಬಿ, ಬಣ್ಣ ಹೊಡೆದು ಕಳಿಸಿದ. ಆ ಹುಳಿ ಕಬ್ಬಿಣವನ್ನು ತಿನ್ನುತ್ತದೆ ಎಂದು ನನ್ನಂಥ ಕುಶನ್ ಹೊಲಿಯುವವನಿಗೂ ಗೊತ್ತು. ತಿಂಗಳು ತುಂಬುವುದರೊಳಗೆ ಬಣ್ಣದಡಿ ಮತ್ತೆ ತುಕ್ಕು ಉಬ್ಬಿತು. ಕೇಳಲು ಹೋದರೆ, "ಹಳೇ ಗಾಡಿಗೆ ಇಷ್ಟ ಸಾಕ ಬಿಡ್ರಿ ಅಜ್ಜಾರ, ಇನ್ನೆಷ್ಟು ದಿನ ಓಡೂದೈತಿ ಅದು" ಎಂದ. ಹಳೆಯದಾದರೆ ಅದಕ್ಕೆ ಮೋಸ ಸಾಕೇ? ನನ್ನ ನರೆತ ತಲೆ ನೋಡುತ್ತಲೇ ಹಾಗೆಂದನಲ್ಲ ಅವನು...

ಅಳಿಯ ಅಂದೇ ಹೇಳಿಬಿಟ್ಟ, ಇನ್ನೊಮ್ಮೆ ಬಾಗಿಲು ಕಿತ್ತರೆ ವ್ಯಾನು ಗುಜರಿಗೆ. ಶಾಂತಾ ಸೆರಗಿನಿಂದ ವ್ಯಾನಿನ ಗಾಜು ಒರೆಸುತ್ತ ನಿಂತಳು. ನಾನೇ ಮಾಡುತ್ತೇನೆ ಎಂದೆ.

ಆ ಶನಿವಾರ ನೀನು ಗಾಡಿಗಳ ತಗಡು ಬಡಿಯುತ್ತಿದ್ದ ಕಟ್ಟೆಯ ಮೇಲೆಯೇ ಕುಳಿತು ವಿಚಾರ ಮಾಡಿದೆ. ನೀನಾಗಿದ್ದರೆ ವೆಲ್ಡಿಂಗ್ ಮಾಡುತ್ತಿದ್ದೆ. ಆದರೆ ತಗಡು ಹಪ್ಪಳದಷ್ಟು ತೆಳ್ಳಗಾಗಿತ್ತು, ಬೆಂಕಿ ತಗುಲಿದರೆ ತೂತು. ಪುಟ್ಟಿ ತಗ್ಗು ತುಂಬುತ್ತದೆಯೇ ಹೊರತು ಎರಡು ತಗಡನ್ನು ಹಿಡಿದಿಡುವುದಿಲ್ಲ. ನನ್ನ ಕುಶನ್ನಿನ ರಬ್ಬರ್ ಅಂಟು ನಮ್ಮ ಮಧ್ಯಾಹ್ನದ ಬಿಸಿಲಿಗೆ ಕರಗಿ ಜಾರುತ್ತದೆ. ಕಡೆಗೆ ಗದಗಿನ ಅಂಗಡಿಯಿಂದ ಎರಡು ಟ್ಯೂಬು ಕಲಸಿ ಹಚ್ಚುವ, ಗಾಡಿಯ ತಗಡಿಗೆಂದೇ ಮಾಡಿದ ಅಂಟು ತಂದೆ. ಇದು ಬಾಗಿಲಿನ ತಗಡಿಗೆ ಮಾತ್ರ, ಭಾರ ಹೊರುವ ಚಾಸಿಸ್ಸಿಗೆ ಅಂಟು ಹಚ್ಚುವಷ್ಟು ಹುಚ್ಚ ನಾನಲ್ಲ. ಸಂಜೆಯವರೆಗೆ ತುಕ್ಕು ಉಜ್ಜಿ, ಬೆಳ್ಳಿಯಂತೆ ಹೊಳೆಯಿಸಿ, ಥಿನ್ನರಿನಿಂದ ಒರೆಸಿಟ್ಟೆ. ಮರುದಿನ ಮುಂಜಾನೆ ಎರಡನ್ನೂ ಒಂದೇ ಬಣ್ಣ ಬರುವತನಕ ಕಲಸಿ ಹಚ್ಚಿದೆ. ಕ್ಲಾಂಪ್ ಬಿಗಿದು ಇಡೀ ದಿನ ಮುಟ್ಟಲಿಲ್ಲ. ಹಚ್ಚುವ ಮುಂಚೆ ಮತ್ತೊಮ್ಮೆ ಒರೆಸಬೇಕೆಂದು ಡಬ್ಬಿಯ ಮೇಲೆ ಬರೆದಿತ್ತು. ನಿನ್ನೆ ತಾನೇ ಒರೆಸಿದ್ದೇನಲ್ಲ, ಹೊಳೆಯುತ್ತಲೇ ಇದೆಯಲ್ಲ ಎಂದು ಬಿಟ್ಟೆ.

ವ್ಯಾನು ಮತ್ತೆ ಹೊರಟು ಶಿರಹಟ್ಟಿ ದಾಟಿದ ಮೇಲೆ ಶಾಂತಾಳ ಫೋನು ಬಂತು. ತಗಡು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಬಡಿದುಕೊಳ್ಳುತ್ತಿತ್ತಂತೆ. ಮಾರುವ ಸೀರೆಯಲ್ಲೇ ಒಂದನ್ನು ಬಿಚ್ಚಿ ಬಾಗಿಲಿಗೆ ಬಿಗಿದು ಬಂದಳು. ಅಳಿಯ ಗುಜರಿಯವನಿಗೆ ಬಾ ಎಂದ. ನಾನು ಕಿತ್ತ ತಗಡನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಅಂಟು ಕೊಟ್ಟ ಅಂಗಡಿಯ ಮಾಲೀಕನ ಮುಂದೆ ಒಗೆದೆ. ಗಿರಾಕಿಗಳೆದುರೇ, ಇದು ಅಂಟೋ ಅಂಬಲಿಯೋ ಎಂದು ಕೇಳಿದೆ. ಆತ ತಗಡನ್ನು ತಿರುಗಿಸಿ ಮೂಸಿದ, ನನ್ನ ಮೂಗಿಗೂ ಹಿಡಿದ.

"ಕುಸುಬಿ ಎಣ್ಣಿರೀ ಇದು. ನಿಮ್ಮ ಚಿಗವ್ವಾರು ಇನ್ನೂ ತಗಡಿಗೆ ಎಣ್ಣಿ ಹಚ್ಚತಾರೇನು?"

ನನಗೆ ತಿಳಿಯಲಿಲ್ಲ. ಆತನೇ ಬಿಡಿಸಿ ಹೇಳಿದ. ಉಜ್ಜಿದ ತಗಡಿಗೆ ರಾತ್ರಿ ತುಕ್ಕು ಹಿಡಿಯಬಾರದೆಂದು ನೀನೇ ಚಿಗವ್ವಗೆ ಎಣ್ಣೆ ಹಚ್ಚಲು ಕಲಿಸಿದ್ದೆಯಂತೆ. ಮುಂಜಾನೆ ಆಕೆ ಹಾಲಿಗೆ ಹೋದಾಗ ಥಿನ್ನರಿನಿಂದ ಅದನ್ನು ಒರೆಸಿಬಿಡುತ್ತಿದ್ದೆಯಂತೆ. ಥಿನ್ನರ್ ಒಯ್ಯುವಾಗಲೆಲ್ಲ ಆತನ ಮುಂದೆ ಹೇಳಿ ನಗುತ್ತಿದ್ದೆಯಂತೆ. ಅಂಗಡಿಯವನಿಗೆ ಹೇಳಿದೆ ನೀನು, ನನಗೆ ಹೇಳಲಿಲ್ಲ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಬೈಗುಳ ಕೂಡಿಸಿಕೊಂಡು ಬಂದೆ. ಚಿಗವ್ವ ಜೋಳ ಹಸನು ಮಾಡುತ್ತ ಕುಳಿತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಮಾತು ತೆಗೆದಳು: "ಬಾಗಲಾ ಕಿತ್ತತಂತಲ್ಲೋ ಬಸಣ್ಣ. ನಾ ಎಣ್ಣಿ ಹಚ್ಚಿದ್ನಲ್ಲ. ಮೂವತ್ತು ವರ್ಷ ಹಚ್ಚೀನಿ, ಒಂದ ಬಾಗಲಾನೂ ಕಿತ್ತಿಲ್ಲ. 'ನಿನ್ನ ಕೈಗುಣದ ಮ್ಯಾಲ ನನ್ನ ಕೆಲಸ ನಿಂತೈತಿ' ಅಂತಿದ್ರು ನಿಮ್ಮ ಕಾಕಾ."

ಈಗ ಹೇಳು, ನಾನು ಏನೆನ್ನಬೇಕಿತ್ತು? ಕೈಗುಣ ಎಂದು ಹೊಗಳುವವನು ನೀನು, ಬೆಳಗಾದರೆ ಅದನ್ನೇ ಒರೆಸಿ ಹಾಕುವವನು ನೀನು. ಆ ಎಣ್ಣೆ ರಾತ್ರಿಯ ತುಕ್ಕಿಗಷ್ಟೇ, ಬೆಳಿಗ್ಗೆ ತೆಗೆಯಬೇಕು ಎಂದು ಹೇಳಿದ್ದರೆ ಆಕೆ ಬೇಡವೆನ್ನುತ್ತಿದ್ದಳೇ? ಮೂವತ್ತು ವರ್ಷದಲ್ಲಿ ಆ ಒಂದು ಮಾತಿಗೆ ನಿನಗೆ ಪುರಸೊತ್ತಾಗಲಿಲ್ಲವೇ? ಹೇಳದೆ ಹೋಗಿ ಅಲ್ಲಿ ಹಾಯಾಗಿ ಕುಳಿತಿದ್ದೀಯಲ್ಲ...

ಅಳಿಯನ ಮುಂದೆ ತಪ್ಪು ನನ್ನದೇ ಎಂದೆ. ಡಬ್ಬಿಯ ಮೇಲಿನ ಮಾತು ಮೀರಿದವನು ನಾನೇ ತಾನೇ. ಅವನು ಅಂದದ್ದನ್ನೆಲ್ಲ ಅನ್ನಿಸಿಕೊಂಡು ಇನ್ನೊಂದು ಅವಕಾಶ ಕೊಡು ಎಂದು ಬೇಡಿಕೊಂಡೆ. ಮತ್ತೆ ಉಜ್ಜಿದೆ. ಸಂಜೆ ಚಿಗವ್ವ ಬಟ್ಟಲು ಹಿಡಿದು ಬಂದು ಎಣ್ಣೆ ಸವರಿದಳು. ಕೂಸಿನ ಮೈಗೆ ಸವರುವ ಹಾಗೆ, ಒಂದು ಮೂಲೆ ಬಿಡದೆ. ನಾನು ಬಾಗಿಲು ಅಲುಗದಂತೆ ಹಿಡಿದು ನಿಂತೆ. ಮುಂಜಾನೆ ಆಕೆ ಹಾಲಿಗೆ ಹೋದದ್ದೇ ತಡ, ಬಿಳಿ ಅರಿವೆ ಬಿಳಿಯಾಗಿಯೇ ಉಳಿಯುವತನಕ ಥಿನ್ನರಿನಿಂದ ಒರೆಸಿದೆ. ಮನೆಯ ಬಾಗಿಲು ಸಪ್ಪಳವಾದಾಗಲೆಲ್ಲ ಅರಿವೆಯನ್ನು ಬೆನ್ನ ಹಿಂದೆ ಮುಚ್ಚಿಡುತ್ತಿದ್ದೆ. ಅರವತ್ತೆಂಟನೆಯ ವಯಸ್ಸಿನಲ್ಲಿ ನನ್ನನ್ನು ಕಳ್ಳನನ್ನಾಗಿ ಮಾಡಿದೆ ನೀನು.

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ಅಂಟು ಹಿಡಿಯಿತು, ಕಾಕಾ. ಶಾಂತಾ ಲಕ್ಷ್ಮೇಶ್ವರದ ಕೆಟ್ಟ ರಸ್ತೆಯಲ್ಲಿ ಮಳೆಗಾಲವಿಡೀ ಓಡಾಡಿದಳು, ಒಂದು ಕೂದಲೆಳೆಯಷ್ಟೂ ಬಿಟ್ಟಿಲ್ಲ. ಅಳಿಯನೇ ಗುಜರಿಯವನಿಗೆ ಬರಬೇಡ ಎಂದ. ಚಿಗವ್ವ ಬಾಗಿಲನ್ನು ಬೆರಳಿನಿಂದ ತಟ್ಟಿ ನೋಡಿ ಶಾಂತಾಗೆ ಹೇಳಿದಳು: "ಈ ಸರ್ತಿ ಎಣ್ಣಿ ಸರಿ ಹತ್ತೈತಿ ನೋಡು."

ಈಗ ಬಲಗಡೆ ಬಾಗಿಲೂ ಬಾಯಿಬಿಟ್ಟಿದೆ. ನಾಳೆ ಉಜ್ಜುತ್ತೇನೆ ಎಂದಿದ್ದಕ್ಕೆ ಚಿಗವ್ವ ಹೊಸ ಎಣ್ಣೆ ತರಿಸಿದ್ದಾಳೆ. ಹೇಳಿಬಿಡಲೋ, ಇಲ್ಲಾ ನಿನ್ನ ಹಾಗೆ ಒರೆಸುತ್ತ ಹೋಗಲೋ? ಇದು ನೀನು ಹಚ್ಚಿಟ್ಟು ಹೋದ ಕೆಲಸ, ಜವಾಬೂ ನೀನೇ ಕೊಡಬೇಕು. ಜಲ್ದಿ ಬರೆ, ನಾಡಿದ್ದು ಆಕೆ ಹಾಲಿಗೆ ಹೋಗುವುದರೊಳಗೆ.